ಗೋಕಾಕ ದಾಟದ ನೇಮ

ಬೆಳಗಿನ ಮೊದಲ ಕೊಡ ಇನ್ನೂ ಅರ್ಧ ತುಂಬಿರಲಿಲ್ಲ. ತಾಮ್ರದ ಕೊಡದ ಬಾಯಿಗೆ ಎರಡು ಮಡಿಕೆಯ ಬಿಳಿ ಬಟ್ಟೆ ಹೊದಿಸಿ, ಬಾವಿಯಿಂದ ಸೇದಿದ ನೀರನ್ನು ಸಣ್ಣಗೆ ಸುರಿಯುತ್ತಿದ್ದೆ. ನಮ್ಮ ಜೈನರ ಮನೆಯಲ್ಲಿ ಸೋಸದ ನೀರು ಒಲೆಗೆ ಏರುವುದಿಲ್ಲ. ಸೋಸಿದ ಮೇಲೆ ಬಟ್ಟೆಯಲ್ಲಿ ಉಳಿದ, ಕಣ್ಣಿಗೆ ಕಾಣದ ಜೀವಗಳನ್ನು ತಿರುಗಿ ಅದೇ ಬಾವಿಗೆ ಬಿಡಬೇಕು. ಈ ಕೆಲಸಕ್ಕೆ ಅವಸರ ಒಗ್ಗುವುದಿಲ್ಲ. ಒಂಬತ್ತು ವರ್ಷದ ನನ್ನ ಮಗಳು ಪ್ರಣಿತಾ ಬಟ್ಟೆಯ ಅಂಚು ಹಿಡಿದು ಎದುರಿಗೆ ಕೂತಿದ್ದಳು.

ಆಗ ಬಾಗಿಲ ಚಿಲಕದ ಸಪ್ಪಳವಾಯಿತು. ಎರಡು ಸಲ, ಸ್ವಲ್ಪ ತಡೆದು ಮತ್ತೊಂದು ಸಲ. ಹಾಗೆ ಬಡಿಯುವವರು ಒಬ್ಬರೇ.

"ಸುಮತೀ, ಬಾಗಲಾ ತಗೀ."

ಸುರಿಯುತ್ತಲೇ ಬಾಗಿಲ ಕಡೆ ತಿರುಗಿದೆ. ಬಟ್ಟೆ ಒಂದು ಬದಿಗೆ ಜಾರಿ, ಸೋಸದ ನೀರು ಕೊಡದೊಳಗೆ ಬಿತ್ತು. ಮದುವೆಯಾಗಿ ಬಂದು ಹನ್ನೆರಡು ವರ್ಷದಲ್ಲಿ ಹಾಗಾದದ್ದು ಅದೇ ಮೊದಲು. ಪ್ರಣಿ ಬಟ್ಟೆ ಬಿಟ್ಟು ತನ್ನ ಬೈತಲೆ ಮುಟ್ಟಿ ನೋಡಿಕೊಂಡಳು. ನಾನು ನಡುವೆ ತೆಗೆದಿದ್ದ ಬೈತಲೆ. ಅದನ್ನು ಎಡಗೈ ಬೆರಳಿನಿಂದ ಮೆಲ್ಲಗೆ ಬಲಕ್ಕೆ ಸರಿಸತೊಡಗಿದಳು.

ಬಾಗಿಲಲ್ಲಿ ರಾಜಮತಿ ಅಕ್ಕ ನಿಂತಿದ್ದರು. ನನ್ನ ಗಂಡನ ಅಕ್ಕ. ಮೂಡಲಗಿಗೆ ಕೊಟ್ಟ ಹೆಣ್ಣುಮಗಳು. ನಸುಕಿನ ಬಸ್ಸು ಹಿಡಿದು, ಗೋಕಾಕದಲ್ಲಿ ಇಳಿದು, ಇನ್ನೊಂದು ಬಸ್ಸಿನಲ್ಲಿ ಬೆಲ್ಲದ ಬಾಗೇವಾಡಿಗೆ ಬಂದಿದ್ದರು. ಪಕ್ಕದಲ್ಲಿ ನೀಲಿ ಬಣ್ಣದ ತಗಡಿನ ಟ್ರಂಕು. ಅದು ಯಾರದೆಂದು ನನಗೆ ಗೊತ್ತಿತ್ತು.

"ಗಾಬರಿ ಆದೇನ?" ಎಂದು ನಕ್ಕರು. "ಪ್ರಣಿಗೆ ಗೋಕಾಕ ದಾಟಬಾರದಂತ ನೇಮ ಐತಿ ಅಂದ್ಯಲ್ಲ ಫೋನಿನ್ಯಾಗ. ನೇಮ ಅಂದ್ರ ನೇಮ. ಸಣ್ಣ ಹುಡಿಗಿ, ಮುರಿಯೂದು ಬ್ಯಾಡ. ಅದಕ್ಕ ನಾನ ಬಂದೆ. ಸೂಟಿ ಮುಗಿಯೂ ತನಕ ಇಲ್ಲೇ ಇರ್ತೀನಿ."

ಆಮೇಲೆ ನನ್ನ ಭುಜದ ಆಚೆ ನೋಡಿ, ದನಿ ಮೆತ್ತಗೆ ಮಾಡಿ ಅಂದರು: "ಬಾ ಸೋನೂ, ಟ್ರಂಕಿಗೆ ಒಂದ ಕೈ ಹಚ್ಚು."

ಪ್ರಣಿ ಹೋಗಿ ಟ್ರಂಕಿನ ಹಿಡಿಕೆ ಹಿಡಿದಳು. ಎಡಗೈಯಿಂದಲೇ.

ಸೋನಾಲಿ ಅಕ್ಕನ ಒಬ್ಬಳೇ ಮಗಳು. ಎರಡು ವರ್ಷದ ಹಿಂದೆ, 2002ರ ಮಳೆಗಾಲದಲ್ಲಿ, ಜ್ವರ ತಲೆಗೇರಿ ನಾಲ್ಕು ದಿನದಲ್ಲಿ ಹೋಗಿಬಿಟ್ಟಳು. ಆಗ ಅವಳಿಗೆ ಒಂಬತ್ತು, ಪ್ರಣಿಗೆ ಏಳು. ಆ ದೀಪಾವಳಿಗೆ ಅಕ್ಕ ಬಂದು, "ಪ್ರಣೀನ್ನ ಹದಿನೈದ ದಿನ ಕಳಸ ಸುಮತಿ, ಮನಿ ತಿನ್ನಾಕ ಬರತೈತಿ" ಅಂದಾಗ ಯಾರು ತಾನೇ ಒಲ್ಲೆ ಅಂದಾರು? ಕಳಿಸಿದೆ. ಬೇಸಿಗೆಯ ಸೂಟಿಗೂ ಕಳಿಸಿದೆ. ಮುಂದಿನ ದೀಪಾವಳಿಗೂ.

ಮೊದಲ ಸಲ ಬಂದಾಗ ಮಗಳ ಬೈತಲೆ ಬಲಕ್ಕೆ ಸರಿದಿತ್ತು. ಎರಡನೆಯ ಸಲ ಬಂದಾಗ ಊಟ ಎಡಗೈಯಲ್ಲಿ ಶುರುಮಾಡಿ, ನಾನು ನೋಡಿದೊಡನೆ ಬಲಗೈಗೆ ಬಂದಳು. ಸೋನಾಲಿ ಎಡಚಿಯಾಗಿದ್ದಳು. ಮೂರನೆಯ ಸಲ ಬಂದ ಮೇಲೆ ಏನು ಕೇಳಿದರೂ "ಏನಾದ್ರೂ ನಡೀತೈತಿ" ಎಂಬುದೊಂದೇ ಉತ್ತರ. ಉಪ್ಪಿಟ್ಟು ಕಂಡರೆ ಮೂಗು ಮುರಿಯುತ್ತಿದ್ದ ಹುಡುಗಿ ಉಪ್ಪಿಟ್ಟನ್ನು ತುಟಿ ಪಿಟಕ್ಕೆನ್ನದೆ ತಿಂದು ಎದ್ದಳು. ನನ್ನ ಗಂಡ ಕುಂಥುನಾಥ ಅವರಿಗೆ ಖುಷಿ. "ಅಕ್ಕ ಛಲೋ ತಿದ್ದ್ಯಾಳ ನೋಡ" ಅಂದರು. ನಾನು ಒಮ್ಮೆ ಕೇಳಿದೆ, "ಅತ್ತಿ ಮನಿಯಾಗ ಏನ ಮಾಡ್ತೀಯವ್ವಾ?" ಅವಳು ಏನೋ ಹೇಳಲು ಬಾಯಿ ತೆರೆದಳು. ನನ್ನ ಮುಖ ನೋಡಿ ಮುಚ್ಚಿದಳು. "ಏನಿಲ್ಲಾ, ಆಟಾ ಆಡ್ತೀನಿ" ಅಂದಳು.

ಒಂದು ಮಧ್ಯಾಹ್ನ ರೊಟ್ಟಿ ಬಡಿಯುತ್ತ ಅಡುಗೆಮನೆಯಿಂದ ಕರೆದೆ: "ಪ್ರಣೀ." ಉತ್ತರವಿಲ್ಲ. ಮತ್ತೆ ಕರೆದೆ, ಮೂರನೆಯ ಸಲವೂ ಕರೆದೆ. ಪಡಸಾಲೆಯಲ್ಲಿ ಅವಳು ಕೂತು ಬರೆಯುತ್ತಿದ್ದ ನೆರಳು ಗೋಡೆಯ ಮೇಲೆ ಕಾಣುತ್ತಿತ್ತು. ನನಗೆ ಏನನ್ನಿಸಿತೋ, ಹಿಟ್ಟಿನ ಕೈ ಹಾಗೇ ಇಟ್ಟುಕೊಂಡು, ಪಿಸುಗುಟ್ಟಿದ ಹಾಗೆ ಅಂದೆ: "ಸೋನೂ."

"ಓ," ಎಂದಿತು ಪಡಸಾಲೆಯಿಂದ.

ಹೆಂಚಿನ ಮೇಲಿದ್ದ ರೊಟ್ಟಿ ಕರಕಾಗಿ ಹೊಗೆ ಬರುವವರೆಗೆ ನಾನು ಕದಲಲಿಲ್ಲ. ಆ 'ಓ' ನನ್ನ ಮಗಳ ದನಿಯಾಗಿರಲಿಲ್ಲ.

ಗೋಕಾಕದಲ್ಲಿ ಗುರುವಾರಕ್ಕೊಮ್ಮೆ ಮನಸ್ಸಿನ ಡಾಕ್ಟರು ಬರುತ್ತಾರೆಂದು ಕೇಳಿದ್ದೆ. ಪೇಟೆಗೆ ಹೋಗುವ ನೆಪ ಹೇಳಿ ಮಗಳನ್ನು ಕರೆದೊಯ್ದೆ. ವಿದ್ಯಾ ಡಾಕ್ಟರು ನನಗಿಂತ ಸಣ್ಣವರು, ಕುರಿ ಕಾಯುವವರ ಮನೆಯಿಂದ ಬಂದು ಓದಿದವರು. ಮಾತು ನಮ್ಮದೇ. ಪ್ರಣಿಯ ಮುಂದೆ ಎರಡು ಪೆಪ್ಪರಮೆಂಟ್ ಇಟ್ಟು, "ಕೆಂಪಂದು ಬೇಕೋ, ಹಸರಂದು ಬೇಕೋ?" ಎಂದು ಕೇಳಿದರು. ಪ್ರಣಿ ಪೆಪ್ಪರಮೆಂಟ್ ನೋಡಲಿಲ್ಲ, ನನ್ನ ಮುಖ ನೋಡಿದಳು.

ಮಗಳನ್ನು ಹೊರಗೆ ನರ್ಸ್ ಬಳಿ ಕೂಡಿಸಿ, ನಾನು ಅಕ್ಕನ ವಿಷಯವೆಲ್ಲ ಹೇಳಿದ ಮೇಲೆ ಡಾಕ್ಟರು ನನ್ನನ್ನು ಕೇಳಿದರು, "ನೀವು ಕಡೀಕ ಯಾರಿಗೆ ಒಲ್ಲೆ ಅಂದ್ರಿ ಅವ್ವಾರ?"

ಬಹಳ ಹೊತ್ತು ಯೋಚಿಸಬೇಕಾಯಿತು. ಏಳು ವರ್ಷದವಳಿದ್ದಾಗ, ತವರೂರು ಯಮಕನಮರಡಿಯಲ್ಲಿ ನಮ್ಮ ಅಜ್ಜಿಗೆ ಅಂದಿದ್ದೆ. ಬಾಜೂ ಮಲಗಾಕ ಬಾ ಅಂದಳು. ಆಟದ ಗುಂಗಿನಲ್ಲಿ ಒಲ್ಲೆ ಅಂದೆ. ಮೂರನೆಯ ದಿನ ಅಜ್ಜಿ ಎದೆನೋವಿನಿಂದ ಸತ್ತಳು. ಅಳುವವರ ನಡುವೆ ನಮ್ಮ ಕಾಕಿ ತಣ್ಣನೆಯ ಕೈಯಿಂದ ನನ್ನ ಮಣಿಕಟ್ಟು ಹಿಡಿದು, "ನೀ ಒಲ್ಲೆ ಅಂದದ್ದ ಎದಿಗೆ ಹಚ್ಚಿಕೊಂಡ ಹೋದ್ಲು ನೋಡ" ಅಂದಿದ್ದಳು. ಕಾಕಿ ಅದನ್ನು ಮರುದಿನವೇ ಮರೆತಿರಬೇಕು. ನಾನು ಮರೆತಿರಲಿಲ್ಲ. ಯಾರಾದರೂ ಏನಾದರೂ ಕೇಳಿದರೆ ಇಂದಿಗೂ ಆ ತಣ್ಣನೆಯ ಕೈ ಬಂದು ನನ್ನ ಮಣಿಕಟ್ಟು ಹಿಡಿಯುತ್ತದೆ.

ಇದನ್ನು ಹೇಳಿದಾಗ ಡಾಕ್ಟರು ನಗಲಿಲ್ಲ. ಔಷಧಿ ಬರೆಯುವ ಚೀಟಿಯ ಹಿಂದೆ ಒಂದು ತಲೆ ಬರೆದು, ಕಿವಿಯ ನೇರಕ್ಕೆ ಒಳಗೆ ಒಂದು ಚುಕ್ಕೆ ಇಟ್ಟರು. "ಇಲ್ಲಿ, ಎರಡೂ ಬಾಜೂಕ, ಬದಾಮಿ ಬೀಜದಷ್ಟು ಒಂದೊಂದ ಗಂಟೈತಿ. ನಮ್ಮಪ್ಪ ಮಾಲಿಂಗಪ್ಪನ ಹಟ್ಟ್ಯಾಗ ಒಂದ ನಾಯಿ ಇತ್ತು. ಒಮ್ಮೆ ತೋಳ ಬಿತ್ತು ಅದರ ಮ್ಯಾಲ. ಆವತ್ತಿನಿಂದ ಜಾಲಿಕಂಟಿ ಅಲುಗಿದ್ರೂ ಬೊಗಳೂದ. ಈ ಗಂಟೂ ಹಂಗ. ಅಂಜಿಕಿ ಒಮ್ಮೆ ಕಲಿತ್ರ, ಕುರುಬ ಕಣ್ಣ ಬಿಡೂದ್ರಾಗ ಇದು ಬೊಗಳಿ ಮುಗಿಸಿರ್ತೈತಿ. ಎದಿ ಡವಗುಟ್ಟತೈತಿ, ಕೈ ನಡಗತೈತಿ, ಬಾಯಾಗಿಂದ 'ಹೂಂ' ಬಂದ ಬಿಡತೈತಿ."

"ಕುರುಬ ಯಾರ್ರಿ?" ಅಂದೆ.

ಡಾಕ್ಟರು ಚಿತ್ರದ ಹಣೆಯ ಮೇಲೆ ಬೆರಳಿಟ್ಟರು. "ಇದರ ಹಿಂದ ಅದಾನ. ವಿಚಾರ ಮಾಡಾವ. ಆದ್ರ ಸಾವಕಾಶ ಏಳಾವ. ನಾಯಿಗೆ ಬೈದ್ರ ಸುಮ್ಮಾಗೂದಿಲ್ಲ. ಉಸಿರು ಉದ್ದಕ ಬಿಟ್ಟು, ಕುರುಬ ಎದ್ದ ಬರೂ ತನಕ ತಡೀಬೇಕು. ಎದ್ದ ಬಂದು, ತೋಳೋ ಕಂಟಿಯೋ ಅಂತ ನೋಡಬೇಕು. ಹಿಂಗ ಹತ್ತ ಸಲ, ನೂರ ಸಲ. ಹಳೇ ಅಂಜಿಕಿ ಅಳಸೂದಿಲ್ಲ ಅವ್ವಾರ, ಸುಳ್ಳ ಯಾಕ ಹೇಳ್ಲಿ. ಅದರ ಬಾಜೂಕ ಹೊಸಾ ಹಾದಿ ಬೀಳತೈತಿ. ನಡದಂಗ ನಡದಂಗ ಗಟ್ಟಿ ಆಗತೈತಿ."

"ನನಗ ಇರ್ಲಿ ಬಿಡ್ರಿ. ನನ್ನ ಮಗಳಿಗೆ ಏನಾಗೈತ್ರಿ?"

"ಆಕಿಗೆ ತೋಳ ಬಿದ್ದಿಲ್ಲ. ಆದ್ರ ಕೂಸು ತೋಳನ್ನ ತಾನ ನೋಡಬೇಕಂತಿಲ್ಲ, ಅವ್ವನ ಮಾರಿ ನೋಡಿದ್ರ ಸಾಕು. ನಿಮ್ಮ ಅಕ್ಕಾರ ಫೋನ್ ಬಂದಾಗ ನಿಮ್ಮ ಮಾರಿ ಹೆಂಗಿರ್ತೈತಿ? ಆಕಿ ಅದನ್ನ ನೋಡಿ ಕಲಿತಾಳ, ಒಲ್ಲೆ ಅನ್ನೂದು ಭಾಳ ದೊಡ್ಡ ಅಪಾಯ ಅಂತ. ಒಲ್ಲೆ ಅಂದ್ರ ತಾ ಯಾರಿಗೂ ಬ್ಯಾಡಾಗ್ತೀನಿ ಅಂತ. ಅದಕ್ಕ ಯಾರ ಯಾವ ಹೆಸರಲೆ ಕರದ್ರೂ ಓ ಅಂತಾಳ."

ಔಷಧಿ ಕೊಡಲಿಲ್ಲ. ದಿನಾ ಒಂದು ಸಣ್ಣ ಒಲ್ಲೆ, ಮಗಳ ಎದುರಿಗೇ ಅನ್ನಬೇಕು ಅಂದರು. ಒಲ್ಲೆ ಅಂದ ಮೇಲೂ ಅವ್ವ ನಿಂತಿದ್ದಾಳೆ, ಎದುರಿನವರೂ ನಿಂತಿದ್ದಾರೆ ಎಂಬುದನ್ನು ಅವಳು ಕಣ್ಣಿನಿಂದ ನೋಡಬೇಕು.

ಮರುದಿನ ಕಾಯಿಪಲ್ಲೆಯ ಅಲ್ಲವ್ವ ಬುಟ್ಟಿ ಇಳಿಸಿದಾಗ, ಪ್ರಣಿಯನ್ನು ಬಾಜೂ ನಿಲ್ಲಿಸಿಕೊಂಡು ಅಂದೆ, "ಇವತ್ತ ಹೀರಿಕಾಯಿ ಒಲ್ಲೆ ಅಲ್ಲವ್ವಾ."

"ಯಾಕ, ನನ್ನ ಹೀರಿಕಾಯಿ ಏನ ಪಾಪ ಮಾಡ್ಯಾವ?" ಅಂದಳು ಅವಳು.

ಅರ್ಧ ಕಿಲೊ ತಗೊಂಡೆ. ಪ್ರಣಿ ನನ್ನನ್ನು ನೋಡುತ್ತಿದ್ದಳು.

ಹೀರಿಕಾಯಿಗೇ ಸೋತವಳು ನಾನು. ಏಪ್ರಿಲ್ ಕೊನೆಗೆ ಅಕ್ಕನ ಫೋನು ಬಂದಾಗ ಇನ್ನೇನು ಮಾಡಿಯೇನು? "ಸಾಲಿ ಸೂಟಿ ಬಿಟ್ಟಾವಲ್ಲ, ಐತವಾರ ಕಳಸ. ಸೋನೂನ ಫ್ರಾಕು ಈ ವರ್ಷ ಆಕಿಗೆ ಅಗದೀ ಬರೋಬ್ಬರಿ ಆಗತಾವ" ಅಂದರು. ಸೋನಾಲಿ ಸತ್ತಾಗಿನ ವಯಸ್ಸು ಈಗ ಪ್ರಣಿಯದು. ತಣ್ಣನೆಯ ಕೈ ಬಂತು. ಆ ಹೊತ್ತಿಗೆ ಹೊಳೆದದ್ದನ್ನು ಹೇಳಿಬಿಟ್ಟೆ: "ಪ್ರಣಿ ನೇಮ ಹಿಡದಾಳ ಅಕ್ಕಾರ. ಗೋಕಾಕ ದಾಟಾಂಗಿಲ್ಲ."

ಆ ನೇಮ ನಾನು ಕಟ್ಟಿದ್ದಲ್ಲ, ಕದ್ದದ್ದು. ನಮ್ಮಲ್ಲಿ ದಿಕ್ಕಿಗೆ ಸೀಮೆ ಹಾಕಿಕೊಳ್ಳುವ ವ್ರತ ಉಂಟು. ಇಂಥ ದಿಕ್ಕಿಗೆ ಇಂಥ ಊರಿನಾಚೆ ಹೋಗೆನು ಎಂದು ಬಸದಿಯಲ್ಲಿ ನಿಂತು ಒಪ್ಪಿಕೊಂಡರೆ ಬದುಕಿರುವವರೆಗೆ ಅದೇ ಗಡಿ. ನನ್ನ ಅತ್ತೆಯನ್ನು ಮಗಳ ಹಾಗೆ ನಾನೂ ಆಯಿ ಎನ್ನುತ್ತೇನೆ. ಅವರು ಹತ್ತು ವರ್ಷದ ಹಿಂದೆ ಈ ವ್ರತ ಹಿಡಿದವರು. ಪಶ್ಚಿಮಕ್ಕೆ ಹುಕ್ಕೇರಿ, ಪೂರ್ವಕ್ಕೆ ಗೋಕಾಕ. ಮೂಡಲಗಿ ಗೋಕಾಕದ ಆಚೆಗಿದೆ. ಸೋನಾಲಿ ಹೋದ ದಿನ ನಾವೆಲ್ಲ ಜೀಪಿನಲ್ಲಿ ಹೊರಟಾಗ ಆಯಿ ಗೋಕಾಕದ ತನಕ ಬಂದರು. ಅಲ್ಲಿ ಇಳಿದು, ಬಸದಿಯ ಕಟ್ಟೆಯ ಮೇಲೆ ನಾವು ತಿರುಗಿ ಬರುವವರೆಗೆ ಕೂತಿದ್ದರು. ಸ್ವಂತ ಮಗಳ ಕೂಸು ಅದು. ರಾಜಮತಿ ಅಕ್ಕ ಅವತ್ತಿಗೂ, ಆಮೇಲೂ, ಆ ಬಗ್ಗೆ ಒಂದು ಮಾತು ಆಡಿದವರಲ್ಲ. ನಮ್ಮ ಮನೆಗಳಲ್ಲಿ ಒಲ್ಲೆ ಎಂಬುದನ್ನು ಯಾರೂ ಕೇಳಿಸಿಕೊಳ್ಳುವುದಿಲ್ಲ. ನೇಮ ಎಂದರೆ ಎಲ್ಲರೂ ಬಾಯಿ ಮುಚ್ಚುತ್ತಾರೆ. ಅದನ್ನು ನಂಬಿಯೇ ನಾನು ಹೇಳಿದ್ದು. ನೇಮವನ್ನು ಅಷ್ಟು ಗೌರವಿಸುವವರು ಟ್ರಂಕು ಹೊತ್ತು ನಮ್ಮ ಬಾಗಿಲಿಗೇ ಬರಬಹುದು ಎಂದು ಹೊಳೆಯಲಿಲ್ಲ.

ಬಂದ ಆ ಬೆಳಗ್ಗೆಯೇ ಅಕ್ಕ ಪಡಸಾಲೆಯಲ್ಲಿ ಟ್ರಂಕು ತೆರೆದರು. ನುಸಿಗುಳಿಗೆಯ ವಾಸನೆ ಅಡುಗೆಮನೆಯವರೆಗೆ ಬಂತು. ಹಳದಿ ಫ್ರಾಕು, ಗುಲಾಬಿ ಫ್ರಾಕು, ಸಾಲಿಯ ನೀಲಿ ಸ್ಕರ್ಟು. ಒಂದೊಂದನ್ನೂ ಇಸ್ತ್ರಿ ಮಾಡಿ ಮಡಚಿದ್ದರು. ಪ್ರಣಿ ಹಳದಿಯದನ್ನು ಹಾಕಿಕೊಂಡು ಬಂದು ಅವರ ಮುಂದೆ ಕೂತಳು. ಅಕ್ಕ ಹಣಿಗೆ ಹಿಡಿದು ಬೈತಲೆಯನ್ನು ಬಲಕ್ಕೆ ತೆಗೆಯತೊಡಗಿದರು. ಬಾಗಿಲ ಸಂದಿಯಿಂದ ನೋಡಿದರೆ ಹಿಂದಿನಿಂದ ಅದು ಸೋನಾಲಿಯ ಬೆನ್ನೇ. ಅದೇ ಸಪೂರ ಕುತ್ತಿಗೆ, ಒಂದು ಬದಿಗೆ ವಾಲಿದ ಅದೇ ತಲೆ. ಅದು ತಿರುಗಿ ನನ್ನತ್ತ ನೋಡಿದರೆ ಯಾರ ಮುಖ ಕಂಡೀತು ಎಂದು ನನಗೆ ನಿಜವಾಗಿ ಭಯವಾಯಿತು.

"ಯಾವಾಗ ನೇಮ ಹಿಡದ್ಲು ಈಕಿ?" ಬೆನ್ನ ಹಿಂದೆ ಆಯಿಯ ದನಿ. ಬಸದಿಗೆ ಹೋಗಿ ಆಗಷ್ಟೇ ಬಂದಿದ್ದರು. "ನೀ ಫೋನಿನ್ಯಾಗ ಅಂದದ್ದ ಕಿವಿಗೆ ಬಿದ್ದಿತ್ತು, ಬಸದಿ ಪಂಡಿತರನ್ನ ಕೇಳಿದೆ. ಅವರಿಗೂ ಗೊತ್ತಿಲ್ಲ."

ಆಯಿ ಬೆಳಗಿನ ಕೊಡದತ್ತ ನೋಡಿದರು. ಬಟ್ಟೆ ಇನ್ನೂ ಒಂದು ಬದಿಗೆ ಜಾರಿಯೇ ಇತ್ತು. ಕೊಡ ಎತ್ತಿಕೊಂಡು ಬಾವಿಯ ಕಡೆ ನಡೆದರು. ಹಿಂದೆ ನಾನೂ ಹೋದೆ. ನೀರನ್ನು ಬಾವಿಗೆ ಸುರಿದು, ಬಟ್ಟೆಯನ್ನು ತಿರುವಿ ಜಾಲಿಸಿ, ಹೊಸದಾಗಿ ಸೇದತೊಡಗಿದರು.

"ನಾ ಗೋಕಾಕದ ಕಟ್ಟಿ ಮ್ಯಾಲ ಕುಂತ ದಿನಾ ನಿನಗ ನೆನಪೈತೇನ?" ಅಂದರು. "ಆವತ್ತ ನನ್ನ ಕಾಲ ತಾವ ಎದ್ದ ನಿಂತಿದ್ದವು. ನಾನ ಕುಂಡ್ರಿಸಿದೆ. ನೇಮ ಅಂದ್ರ ಅದು. ಹಿಡಿದಾವ ತಾನ ಹೊರಬೇಕು. ನೀ ನಿನ್ನ ಅಂಜಿಕೀನ್ನ ಕೂಸಿನ ತಲಿ ಮ್ಯಾಲ ಹೊರಿಸಿದಿ."

"ಅಕ್ಕಾರಿಗೆ ಒಲ್ಲೆ ಅನ್ನಾಕ ನನಗ ಬಾಯಿ ಬರೂದಿಲ್ರಿ ಆಯಿ. ಅವರಿಗೇನರೆ ಆದ್ರ?"

"ಆಗ್ಲಿ," ಎಂದರು ಆಯಿ. ಹಗ್ಗ ಎಳೆಯುವುದು ನಿಲ್ಲಿಸಲಿಲ್ಲ. "ಅಳ್ತಾಳ. ಅಳೂದು ಬಾಕಿ ಐತಿ ಆಕೀದು. ಎರಡ ವರ್ಷಾ ಆತು, ಆಕಿ ಅತ್ತಿಲ್ಲ. ನಿನ್ನ ಮಗಳಿಗೆ ಹಣಿಗಿ ಹಾಕ್ಕೋತ ಕುಂತಾಳ."

ನಾನು ಪಡಸಾಲೆಗೆ ಹೋದೆ. ಹೊಸ್ತಿಲಲ್ಲೇ ಎದೆ ಡವಗುಟ್ಟತೊಡಗಿತು. ಮಣಿಕಟ್ಟಿಗೆ ಆ ಕೈ ಬಂತು, ನಿಜವಾಗಿಯೂ ತಣ್ಣಗಿತ್ತು. ಹಳದಿ ಫ್ರಾಕಿನ ಮೇಲೆ ಕಣ್ಣಿಟ್ಟು ಉಸಿರು ಉದ್ದಕ್ಕೆ ಬಿಟ್ಟೆ. ಒಂದು ಸಲ. ಎರಡು. ಬೊಗಳುತ್ತಿದೆ, ಬೊಗಳಲಿ. ಮೂರು. ಅಜ್ಜಿ ಎದೆನೋವಿನಿಂದ ಸತ್ತಳು ಎಂದು ನನಗೆ ನಾನೇ ಹೇಳಿಕೊಂಡೆ. ಮೂವತ್ತು ವರ್ಷದಲ್ಲಿ ಅದನ್ನು ಆ ಮಾತಿನಲ್ಲಿ ಹೇಳಿಕೊಂಡದ್ದು ಅದೇ ಮೊದಲು.

"ಅಕ್ಕಾರ."

"ಏನ?" ಹಣಿಗೆ ನಿಲ್ಲಲಿಲ್ಲ.

"ನೇಮದ ಮಾತು ಸುಳ್ಳರಿ. ಪ್ರಣಿ ಯಾವ ನೇಮಾನೂ ಹಿಡದಿಲ್ಲ. ನಿಮಗ ಒಲ್ಲೆ ಅನ್ನಾಕ ಅಂಜಿ ನಾನ ಹೇಳಿದೆ."

ಹಣಿಗೆ ನಿಂತಿತು.

"ಈಗ ಅಂತೀನ್ರಿ. ಆಕೀನ್ನ ಮೂಡಲಗಿಗೆ ಕಳಸೂದಿಲ್ಲ. ಸೋನೂನ ಅರಿವಿ ಆಕಿಗೆ ಹಾಕೂದಿಲ್ಲ. ಸೋನೂ ಅಂತ ಕರಿಯಾಕ ನಾ ಒಲ್ಲೆ. ನೀವು ಇಲ್ಲಿ ಇರ್ರಿ, ಎಷ್ಟ ದಿನಾ ಬೇಕಾದ್ರೂ ಇರ್ರಿ. ಆದ್ರ ಇದು ಆಗೂದಿಲ್ಲ."

ನನ್ನ ದನಿ ನಡುಗುತ್ತಿತ್ತು. ನಡುಗುತ್ತಲೇ ಕೊನೆಯ ತನಕ ಹೋಯಿತು.

ಅಕ್ಕ ನನ್ನನ್ನು ನೋಡದೆ ಅಂದರು, "ನಮ್ಮವ್ವ ನೇಮದ ಸಲುವಾಗಿ ನನ್ನ ಕೂಸಿನ ಕಡೀ ಮಾರಿ ನೋಡಾಕ ಬರಲಿಲ್ಲ. ನಾ ಒಂದ ಮಾತ ಅಂದೆನೇನ? ಅಂಥಾ ನೇಮಾನ್ನ ನೀ ನನ್ನ ಮುಂದ ಆಟದ ಸಾಮಾನ ಮಾಡಿದಿ. ಶಾಣ್ಯಾಕಿ ಅದಿ ಸುಮತಿ. ಭಾಳ ಶಾಣ್ಯಾಕಿ."

"ತಪ್ಪಾತ್ರಿ. ಸುಳ್ಳ ಹೇಳಿದ್ದು ತಪ್ಪಾತು. ಈಗ ಹೇಳಿದ್ದು ತಪ್ಪಲ್ರಿ."

ಅವರ ಮುಖದಲ್ಲಿ ಏನೋ ಕುಸಿಯಿತು. ಹಣಿಗೆ ಜಾರಿ ನೆಲಕ್ಕೆ ಬಿತ್ತು. ಅಳಲಿಲ್ಲ, ತೆರೆದ ಟ್ರಂಕಿನೊಳಗೆ ಕೈಯಿಟ್ಟು, ಗುಲಾಬಿ ಫ್ರಾಕಿನ ಮಡಿಕೆಯನ್ನು ನೇವರಿಸುತ್ತ ಕೂತರು. ನನಗೆ ಓಡಿಹೋಗಿ ಅವರ ಕಾಲು ಹಿಡಿದು, ಆಗಲಿ ಕಳಿಸುತ್ತೇನೆ ಎನ್ನಬೇಕೆನಿಸಿತು. ಬಾಗಿಲ ಚೌಕಟ್ಟು ಹಿಡಿದು ನಿಂತೆ. ಹೊರಗೆ ಆಯಿ ನೀರು ಸೋಸುವ ಸಣ್ಣ ಸಪ್ಪಳ ಕೇಳುತ್ತಿತ್ತು.

ಪ್ರಣಿ ತಿರುಗಿ ನನ್ನ ಮುಖ ನೋಡಿದಳು. ಹೆದರಿದ್ದೆ, ಹೆದರಿಕೆ ಕಾಣುತ್ತಲೂ ಇದ್ದಿರಬೇಕು. ಅದನ್ನು ಮುಚ್ಚಲಿಲ್ಲ. ಮುಖ ತಿರುಗಿಸಲಿಲ್ಲ. ಅವಳು ಎಷ್ಟು ಹೊತ್ತು ನೋಡಬೇಕೋ ಅಷ್ಟೂ ನೋಡಲಿ ಎಂದು ಹಾಗೇ ನಿಂತೆ. ಅವಳು ನನ್ನನ್ನು ನೋಡಿದಳು, ರಾಜಮತಿ ಅತ್ತೆಯನ್ನು ನೋಡಿದಳು. ಇಬ್ಬರೂ ಇದ್ದೆವು. ಗೋಡೆಯ ಗಡಿಯಾರ ನಡೆಯುತ್ತಿತ್ತು.

ನೆಲದ ಮೇಲಿನ ಹಣಿಗೆಯತ್ತ ಅವಳ ಎಡಗೈ ಹೋಯಿತು. ಅರ್ಧದಲ್ಲಿ ನಿಂತಿತು. ಆಮೇಲೆ ಬಲಗೈಯಿಂದ ಅದನ್ನೆತ್ತಿ ಅತ್ತೆಯ ಮಡಿಲಲ್ಲಿ ಇಟ್ಟಳು. ಅತ್ತೆಯ ಮನೆಯ ಬಗ್ಗೆ ನಾನು ಕೇಳಿದಾಗ ಬಾಯಿಗೆ ಬಂದು ಒಳಗೇ ಹೋಗಿದ್ದ ಮಾತು ಅವಳ ಗಂಟಲಲ್ಲಿ ಒಮ್ಮೆ ಏರಿ ಇಳಿಯುವುದು ನನಗೆ ಕಂಡಿತು. ಮತ್ತೆ ಏರಿತು. ಈ ಸಲ ಅವಳು ನನ್ನ ಮುಖ ನೋಡಲಿಲ್ಲ.

"ಅತ್ತೀ," ಅಂದಳು. ಅದು ಅವಳದೇ ದನಿ. "ನಾ ಪ್ರಣಿತಾ ಆಗೇ ಇದ್ರ, ನಿನಗ ನಾ ಬೇಕೇನ?"